ಡೇಟಾಬೇಸ್‌ನಿಂದ ಬೇಕಾದಷ್ಟೇ ದಾಖಲೆ: ಬಜಪೆಯ ಪಹಣಿ ಮತ್ತು ವಿಮಾನ ಪಟ್ಟಿಯ ಉದಾಹರಣೆಗಳೊಂದಿಗೆ

ಒಂದು ವೆಬ್‌ಸೈಟಿನ ಹಿಂದೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ದಾಖಲೆಗಳ ಡೇಟಾಬೇಸ್ ಇರಬಹುದು. ನೋಡುವವರಿಗೆ ಒಂದು ಹೊತ್ತಿಗೆ ಬೇಕಾಗುವುದು ಒಂದೋ ಹತ್ತೋ ಐವತ್ತೋ ಮಾತ್ರ. ಇಡೀ ಸಂಗ್ರಹದಿಂದ ಆ ಕೆಲವನ್ನೇ ಆರಿಸಿ, ಕ್ರಮವಾಗಿ ಜೋಡಿಸಿ, ಎಣಿಸಿ ಕೊಡುವ ಕೆಲಸವೇ ಈ ಲೇಖನದ ವಿಷಯ. ಪ್ರೋಗ್ರಾಮಿಂಗ್ ಕಲಿಯುವವರಿಗೆ ಇದು ಮೊದಮೊದಲೇ ಸಿಗುವ ಒಂದು ಸಾಲಿನ ಪಾಠ. ಆ ಸಾಲನ್ನು ಅರೆಬರೆಯಾಗಿ ಬರೆದರೆ ಮಾತ್ರ ಇದ್ದ ದಾಖಲೆ ಪಟ್ಟಿಯಿಂದ ಕಾಣೆಯಾಗುತ್ತದೆ, ಒಂದೇ ದಾಖಲೆ ಎರಡು ಪುಟಗಳಲ್ಲಿ ಬರುತ್ತದೆ, ಸರ್ವರ್ ಕುಸಿಯುತ್ತದೆ. ಎಷ್ಟು ದಾಖಲೆ ಎಂಬ ಪ್ರಶ್ನೆಗಿಂತ ಮೊದಲು ಯಾವ ದಾಖಲೆ ಎಂಬ ಪ್ರಶ್ನೆಗೆ ಉತ್ತರ ಬೇಕು. ಈ ಕ್ಷೇತ್ರದ ಬಹುಪಾಲು ತಪ್ಪುಗಳು ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಕೇಳಿದ್ದರಿಂದ ಹುಟ್ಟುತ್ತವೆ.

ಮಂಗಳೂರು ಪೇಟೆಯಿಂದ ಸುಮಾರು 13 ಕಿ.ಮೀ. ದೂರದ ಗುಡ್ಡದ ಊರು ಬಜಪೆ ಈ ವಿಷಯಕ್ಕೆ ಎರಡು ಒಳ್ಳೆಯ ಉದಾಹರಣೆಗಳನ್ನು ಒದಗಿಸುತ್ತದೆ. ಒಂದು, ವಿಮಾನಗಳ ಪಟ್ಟಿ. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಾಗ ಆರಂಭವಾದ ಬಜಪೆ ವಿಮಾನ ನಿಲ್ದಾಣ ಇಂದು ಮಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಮುಂಬಯಿ, ಬೆಂಗಳೂರು, ದುಬೈ, ಅಬುಧಾಬಿ, ದಮ್ಮಾಮ್‌ಗಳ ಹಾರಾಟದ ವಿವರ ಕ್ಷಣಕ್ಷಣಕ್ಕೂ ಬದಲಾಗುವಂಥದ್ದು. ಇನ್ನೊಂದು, ಅದೇ ಗುಡ್ಡದ ಸುತ್ತಲಿನ ಗದ್ದೆ, ತೋಟ, ಮನೆ ಜಾಗಗಳ ಪಹಣಿ. ಇದು ನಿಧಾನವಾಗಿ ಬದಲಾಗುವ, ಆದರೆ ತಪ್ಪಿದರೆ ಕೋರ್ಟಿಗೆ ಹೋಗಬೇಕಾದ ದಾಖಲೆ.

ಭೂಮಿ: ಎರಡು ಕೋಟಿಯಲ್ಲಿ ಒಂದು

ಕರ್ನಾಟಕದಲ್ಲಿ ಸಾಮಾನ್ಯ ಜನ ಡೇಟಾಬೇಸ್ ಒಂದರ ಮುಂದೆ ನಿಂತು ತಮಗೆ ಬೇಕಾದ ಒಂದೇ ದಾಖಲೆಯನ್ನು ಕೇಳಿ ಪಡೆಯುವುದನ್ನು ರೂಢಿ ಮಾಡಿದ್ದು ಕಂದಾಯ ಇಲಾಖೆಯ ‘ಭೂಮಿ’ ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದೊಂದಿಗೆ, ಈ ಶತಮಾನದ ಮೊದಲ ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. 177 ತಾಲ್ಲೂಕು ಕೇಂದ್ರಗಳಲ್ಲಿ ಕಿಯಾಸ್ಕ್ ತೆರೆದು, 15 ರೂಪಾಯಿಗೆ ಒಂದು ಪ್ರತಿ ಮುದ್ರಿಸಿ ಕೊಡುವ ವ್ಯವಸ್ಥೆ ಬಂತು. ಕೈಬರಹದ ಪಹಣಿಯ ಕಾನೂನು ಮಾನ್ಯತೆಯನ್ನು ಕೊನೆಗೊಳಿಸಲಾಯಿತು. ಅಲ್ಲಿಯವರೆಗೆ ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ ಯಾವ ಹಾಳೆ ತೆರೆಯಬೇಕು ಎಂಬುದು ಅವರಿಗೊಬ್ಬರಿಗೇ ಗೊತ್ತಿರುತ್ತಿತ್ತು. ಹುಡುಕುವ ಆ ಜ್ಞಾನ ಡೇಟಾಬೇಸಿಗೆ ಬಂದದ್ದೇ ಭೂಮಿ ತಂದ ದೊಡ್ಡ ಬದಲಾವಣೆ ಎನ್ನಬೇಕು. ದಾಖಲೆ ಡಿಜಿಟಲ್ ಆದದ್ದು ಅದಕ್ಕೆ ಪೀಠಿಕೆ.

ಇಂದು ಆನ್‌ಲೈನಿನಲ್ಲಿ ಬಜಪೆಯ ಒಂದು ಜಾಗದ ಪಹಣಿ, ಅಂದರೆ ಆರ್‌ಟಿಸಿ ನೋಡಬೇಕಾದವರು ಮೊದಲು ದಕ್ಷಿಣ ಕನ್ನಡ ಜಿಲ್ಲೆ, ನಂತರ ತಾಲ್ಲೂಕು, ಹೋಬಳಿ, ಗ್ರಾಮವನ್ನು ಆರಿಸಿ, ಸರ್ವೆ ನಂಬರ್ ಬರೆದು, ಸರ್ನಾಕ್ ಎಂಬಲ್ಲಿ ಸಾಮಾನ್ಯವಾಗಿ ನಕ್ಷತ್ರ ಚಿಹ್ನೆಯನ್ನು ಒತ್ತಿ, ಹಿಸ್ಸಾ ನಂಬರ್ ಮತ್ತು ಅವಧಿಯನ್ನು ಆರಿಸುತ್ತಾರೆ. ಪ್ರತಿ ಹಂತವೂ ಡೇಟಾಬೇಸಿಗೆ ಹೋಗುವ ಒಂದು ಪುಟ್ಟ ಪ್ರಶ್ನೆ. ಜಿಲ್ಲೆ ಆರಿಸಿದ ಮೇಲೆ ಬರುವ ತಾಲ್ಲೂಕುಗಳ ಪಟ್ಟಿಯಲ್ಲಿ ಆ ಜಿಲ್ಲೆಯವಷ್ಟೇ ಇರುತ್ತವೆ, ಸರ್ವೆ ನಂಬರ್ ಕೊಟ್ಟ ಮೇಲೆ ಬರುವ ಹಿಸ್ಸಾಗಳು ಆ ನಂಬರಿನವಷ್ಟೇ. ಕಡೆಗೆ ಎರಡು ಕೋಟಿಗೂ ಮಿಕ್ಕ ಸಂಗ್ರಹದಿಂದ ಒಂದೇ ಒಂದು ದಾಖಲೆ ಪರದೆಗೆ ಬರುತ್ತದೆ. ಎಣಿಕೆಯ ಮಿತಿ ಹಾಕದೆ, ಪ್ರಶ್ನೆಯನ್ನೇ ಕಿರಿದುಗೊಳಿಸುತ್ತ ಹೋಗಿ ಸಾಧಿಸುವ ಮಿತಿ ಇದು. ಎಲ್ಲಕ್ಕಿಂತ ಗಟ್ಟಿಯಾದ ವಿಧಾನವೂ ಇದೇ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಪಟ್ಟಿಯಿಂದ ನೋಂದಣಿ ಸಂಖ್ಯೆ ಕೊಟ್ಟು ಒಬ್ಬರ ಅಂಕ ಪಡೆಯುವುದೂ ಇದೇ ಬಗೆಯದು. ಒಂದು ಸಂಖ್ಯೆಗೆ ಒಂದೇ ದಾಖಲೆ ಎಂಬ ಖಾತರಿ ಇದ್ದಲ್ಲಿ ಪುಟಗಳ ಪ್ರಶ್ನೆಯೇ ಏಳುವುದಿಲ್ಲ.

ಕಿರಿದುಗೊಳಿಸಲು ಬಾರದ ಪ್ರಶ್ನೆಗಳೂ ಇವೆ: ಇತ್ತೀಚಿನ ಹಕ್ಕು ಬದಲಾವಣೆಗಳು ಅಂದರೆ ಮ್ಯುಟೇಶನ್‌ಗಳು ಯಾವುವು, ಮುಂದಿನ ಐದು ವಿಮಾನ ಯಾವುವು, ಈ ಗ್ರಾಮದಲ್ಲಿ ಅತಿ ದೊಡ್ಡ ಹತ್ತು ಹಿಡುವಳಿ ಯಾವುವು. ಎಣಿಕೆಯ ಮಿತಿ ಬೇಕಾಗುವುದು ಇಂಥಲ್ಲಿ.

ಮಿತಿ ಹೇಳುವ ಭಾಷೆ

ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ರಿಲೇಶನಲ್ ಮಾದರಿಯಲ್ಲಿ ಒಂದು ಟೇಬಲ್ ಎಂದರೆ ಸಾಲುಗಳ ಗಣ. ಗಣಕ್ಕೆ ಮೊದಲನೆಯದು, ಎರಡನೆಯದು ಎಂಬ ಕ್ರಮವಿಲ್ಲ. 1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಪ್ರಕಟಿಸಿದ, ಮುಂದೆ ಎಸ್‌ಕ್ಯೂಎಲ್ ಎಂದು ಹೆಸರಾದ ಭಾಷೆ ಈ ಮಾದರಿಯನ್ನು ಅನುಸರಿಸಿತು. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆಯೂ ಮರುವರ್ಷ ಐಎಸ್‌ಒ ಕೂಡ ಅದನ್ನು ಅಂಗೀಕರಿಸಿದಾಗ, ಮೊದಲ ಹತ್ತು ಸಾಲು ಕೊಡು ಎನ್ನಲು ಆ ಭಾಷೆಯಲ್ಲಿ ಮಾತೇ ಇರಲಿಲ್ಲ. ಪ್ರೋಗ್ರಾಮ್ ಬರೆಯುವವರು ಕರ್ಸರ್ ತೆರೆದು ಹತ್ತು ಸಾಲು ಓದಿ ನಿಲ್ಲಿಸುತ್ತಿದ್ದರು. ನಿಲ್ಲಿಸುತ್ತಾರೆಂಬುದು ಡೇಟಾಬೇಸಿಗೆ ಮೊದಲೇ ಗೊತ್ತಿಲ್ಲದ್ದರಿಂದ ಅದು ಇಡೀ ಉತ್ತರಕ್ಕೆ ತಯಾರಿ ನಡೆಸುತ್ತಿತ್ತು. 1997ರಲ್ಲಿ ಮೈಕೆಲ್ ಕೇರಿ ಮತ್ತು ಡೊನಾಲ್ಡ್ ಕಾಸ್‌ಮನ್ ಬರೆದ ಪ್ರಬಂಧ ಈ ಕೊರತೆಯನ್ನು ನೇರವಾಗಿ ಎತ್ತಿತು. ಮಿತಿಯನ್ನು ಪ್ರಶ್ನೆಯೊಳಗೇ ಹೇಳಿದರೆ ಡೇಟಾಬೇಸ್ ತನ್ನ ಕೆಲಸದ ಯೋಜನೆಯನ್ನೇ ಬದಲಿಸಿಕೊಳ್ಳಬಲ್ಲದು ಎಂಬುದು ಅವರ ವಾದ.

ಅಷ್ಟರಲ್ಲಿ ಕಂಪನಿಗಳು ತಮ್ಮತಮ್ಮ ದಾರಿ ಹಿಡಿದಿದ್ದವು. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್‌ಗಳಲ್ಲಿ ಲಿಮಿಟ್, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಟಾಪ್, ಒರಾಕಲ್‌ನಲ್ಲಿ ರೋನಮ್. 2008ರ ಮಾನಕ ಕಡೆಗೂ ‘ಫೆಚ್ ಫಸ್ಟ್’ ಎಂಬ ರೂಪವನ್ನು ಒಪ್ಪಿತು. ಎಸ್‌ಕ್ಯೂಎಲ್ ಸರ್ವರ್ 2012ರ ಆವೃತ್ತಿಯಲ್ಲೂ ಒರಾಕಲ್ 2013ರ 12ಸಿ ಆವೃತ್ತಿಯಲ್ಲೂ ಅದನ್ನು ಅಳವಡಿಸಿಕೊಂಡವು. ಒರಾಕಲ್‌ನ ಹಳೆಯ ರೋನಮ್ ಬಹಳ ಜನರನ್ನು ಎಡವಿಸಿದೆ. ಸಾಲುಗಳನ್ನು ಜೋಡಿಸುವ ಮೊದಲೇ ಅದು ಸಂಖ್ಯೆ ಹಾಕುವುದರಿಂದ, ಒಂದೇ ಹಂತದಲ್ಲಿ ಬರೆದರೆ ಬರುವುದು ಅತಿ ದೊಡ್ಡ ಹತ್ತು ಹಿಡುವಳಿಯಲ್ಲ, ಕೈಗೆ ಸಿಕ್ಕ ಹತ್ತು ಹಿಡುವಳಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಪಟ್ಟಿ. ಪರದೆಯ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಅಪಾಯ ಇರುವುದು ಅಲ್ಲೇ.

ಕ್ರಮ

ಲಿಮಿಟ್ ಇದ್ದಲ್ಲಿ ಜೋಡಣೆಯ ಕ್ರಮ ಹೇಳುವ ಆರ್ಡರ್ ಬೈ ಇರಲೇಬೇಕು. ಇಲ್ಲದಿದ್ದರೆ ಡೇಟಾಬೇಸ್ ತನಗೆ ಅನುಕೂಲವಾದ ಯಾವ ಹತ್ತನ್ನಾದರೂ ಕೊಡಬಹುದು, ಮತ್ತೆ ಕೇಳಿದಾಗ ಬೇರೆ ಹತ್ತನ್ನು ಕೊಟ್ಟರೂ ಅದು ತಪ್ಪಲ್ಲ. ಕಲಿಯುವಾಗ ಸಣ್ಣ ಟೇಬಲಿನಲ್ಲಿ ಸೇರಿಸಿದ ಕ್ರಮದಲ್ಲೇ ಸಾಲುಗಳು ಬರುವುದರಿಂದ ಹಾಗೆಯೇ ಬರುತ್ತವೆಂಬ ನಂಬಿಕೆ ಕೂತುಬಿಡುತ್ತದೆ. ಪೋಸ್ಟ್‌ಗ್ರೆಸ್ 8.3ರಿಂದೀಚೆಗೆ ದೊಡ್ಡ ಟೇಬಲನ್ನು ಇಬ್ಬರು ಒಟ್ಟಿಗೆ ಓದುವಾಗ ಎರಡನೆಯವರು ಮೊದಲನೆಯವರು ಓದುತ್ತಿರುವ ಜಾಗದಿಂದಲೇ ಶುರುಮಾಡುತ್ತಾರೆ. ಡಿಸ್ಕಿನ ಕೆಲಸ ಉಳಿಸಲು ಮಾಡಿದ ಈ ಜಾಣತನದಿಂದಾಗಿ, ಕ್ರಮ ಹೇಳದ ಪ್ರಶ್ನೆಗೆ ಬರುವ ಮೊದಲ ಹತ್ತು ಆ ಹೊತ್ತಿನ ಜನಸಂದಣಿಯನ್ನು ಅವಲಂಬಿಸುತ್ತದೆ.

ಕ್ರಮ ಹೇಳಿದರಷ್ಟೇ ಸಾಲದು, ಅದು ಪೂರ್ತಿಯಾಗಿರಬೇಕು. ಬಜಪೆಯಿಂದ ಒಂದೇ ನಿಮಿಷಕ್ಕೆ ಎರಡು ವಿಮಾನಗಳ ಹೊರಡುವ ಸಮಯ ನಿಗದಿಯಾಗಿದೆ ಎಂದುಕೊಳ್ಳೋಣ. ಸಮಯವೊಂದರಿಂದಲೇ ಜೋಡಿಸಿದರೆ ಆ ಎರಡರಲ್ಲಿ ಹತ್ತನೆಯದು ಯಾವುದು, ಹನ್ನೊಂದನೆಯದು ಯಾವುದು ಎಂಬುದಕ್ಕೆ ಉತ್ತರವಿಲ್ಲ. ಒಂದು ಎರಡೂ ಪುಟಗಳಲ್ಲಿ ಬಂದು, ಇನ್ನೊಂದು ಯಾವ ಪುಟದಲ್ಲೂ ಬಾರದೆ ತಪ್ಪಿ ಹೋಗುವ ಸಾಧ್ಯತೆಯೂ ಇದೆ. ಸಮಯದ ಜೊತೆಗೆ ಪುನರಾವರ್ತನೆಯಾಗದ ಇನ್ನೊಂದು ಕಾಲಂ, ದಾಖಲೆಯ ಗುರುತು ಸಂಖ್ಯೆಯಂಥದ್ದು, ಜೋಡಣೆಯಲ್ಲಿ ಸೇರಬೇಕು. ಸಮ ಬಂದವರನ್ನು ಬಿಡಬಾರದ ಕಡೆ, ಉದಾಹರಣೆಗೆ ಮೊದಲ ಮೂರು ರ‍್ಯಾಂಕಿನ ಪಟ್ಟಿಯಲ್ಲಿ, ಮಾನಕದ ‘ವಿತ್ ಟೈಸ್’ ಎಂಬ ಸೇರ್ಪಡೆ ಉಪಯೋಗಕ್ಕೆ ಬರುತ್ತದೆ. ಪೋಸ್ಟ್‌ಗ್ರೆಸ್‌ಗೆ ಇದು ಬಂದದ್ದು 2020ರ 13ನೇ ಆವೃತ್ತಿಯಲ್ಲಿ. ಆಗ ಮೂರು ಕೇಳಿದವರಿಗೆ ನಾಲ್ಕೋ ಐದೋ ಸಾಲು ಬರಬಹುದು, ಮತ್ತು ಅದೇ ನ್ಯಾಯ.

ಸರ್ವೆ ನಂಬರಿನ ಕ್ರಮ ಕರಾವಳಿಯಲ್ಲಿ ವಿಶೇಷವಾಗಿ ತೊಂದರೆ ಕೊಡುತ್ತದೆ. ಇಲ್ಲಿ ಜಾಗ ಪಾಲಾಗುತ್ತ ಹೋಗಿ ಒಂದು ಸರ್ವೆ ನಂಬರಿಗೆ ಹತ್ತಾರು ಹಿಸ್ಸಾಗಳಿರುವುದು ಸಾಮಾನ್ಯ. 12/2 ಮತ್ತು 12/10 ಎಂಬವನ್ನು ಅಕ್ಷರಗಳಾಗಿ ಸಂಗ್ರಹಿಸಿದ್ದರೆ 12/10 ಮೊದಲು ಬರುತ್ತದೆ, ಏಕೆಂದರೆ ಕಂಪ್ಯೂಟರ್ 2 ಮತ್ತು 1 ಎಂಬ ಅಂಕೆಗಳನ್ನಷ್ಟೇ ಹೋಲಿಸುತ್ತದೆ. ಮೊದಲ ಐದು ಹಿಸ್ಸಾ ತೋರಿಸುವ ಪುಟದಲ್ಲಿ 12/2 ಇಲ್ಲದಿರುವುದನ್ನು ಕಂಡವರು ಅದು ದಾಖಲೆಯಲ್ಲೇ ಇಲ್ಲವೆಂದು ಗಾಬರಿಯಾಗುತ್ತಾರೆ. ಸರ್ವೆ ನಂಬರ್, ಹಿಸ್ಸಾ ನಂಬರ್, ಅದರ ಅಕ್ಷರ ಬೇರೆಬೇರೆ ಕಾಲಮ್ಮಿನಲ್ಲಿದ್ದು, ಸಂಖ್ಯೆ ಸಂಖ್ಯೆಯಾಗಿಯೇ ಇರಬೇಕು.

ಸಮಯದ ವಿಷಯವೂ ಹೀಗೆಯೇ. ಅನೇಕ ಸರ್ವರ್‌ಗಳು ಸಮಯವನ್ನು ಜಾಗತಿಕ ಮಾನಕ ಸಮಯವಾದ ಯುಟಿಸಿಯಲ್ಲಿ ಇಡುತ್ತವೆ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ, ದುಬೈಯದು ನಾಲ್ಕು ಗಂಟೆ ಮುಂದೆ. ಇಂದಿನ ವಿಮಾನಗಳು ಎಂಬ ಪ್ರಶ್ನೆಯನ್ನು ಯುಟಿಸಿ ದಿನಾಂಕಕ್ಕೆ ಹೊಂದಿಸಿ ಬರೆದರೆ ಬಜಪೆಯ ಮಟ್ಟಿಗೆ ದಿನ ಶುರುವಾಗುವುದು ಬೆಳಗಿನ 5.30ಕ್ಕೆ. ನಡುರಾತ್ರಿಯಿಂದ ಆ ಹೊತ್ತಿನವರೆಗೆ ಬಂದಿಳಿಯುವ ಯಾವ ವಿಮಾನವಿದ್ದರೂ ನಿನ್ನೆಯ ಪಟ್ಟಿಗೆ ಸೇರಿಹೋಗುತ್ತದೆ. ಮನೆಯವರನ್ನು ಕರೆದೊಯ್ಯಲು ಕಾರಿನಲ್ಲಿ ಬಂದವರಿಗೆ ಆ ವಿಮಾನ ಪಟ್ಟಿಯಲ್ಲೇ ಇರುವುದಿಲ್ಲ.

ಒಳಗೆ ನಡೆಯುವುದು

ಕ್ರಮಕ್ಕೆ ತಕ್ಕ ಇಂಡೆಕ್ಸ್ (ಮೊದಲೇ ಜೋಡಿಸಿಟ್ಟ ಸೂಚಿ) ಇಲ್ಲದಿದ್ದರೆ ಡೇಟಾಬೇಸ್ ಇಡೀ ಟೇಬಲ್ ಓದಬೇಕು. ಹಾಗೆಂದು ಇಡೀ ಟೇಬಲನ್ನು ಜೋಡಿಸಬೇಕಿಲ್ಲ. ಹತ್ತು ಬೇಕೆಂದು ಗೊತ್ತಿದ್ದರೆ ಇದುವರೆಗಿನ ಅತ್ಯುತ್ತಮ ಹತ್ತನ್ನಷ್ಟೇ ನೆನಪಿನಲ್ಲಿಟ್ಟು, ಹೊಸ ಸಾಲು ಅವುಗಳಲ್ಲಿ ಕೊನೆಯದಕ್ಕಿಂತ ಮೇಲಾದರೆ ಅದನ್ನು ಹೊರಹಾಕಿ ಇದನ್ನು ಸೇರಿಸುತ್ತ ಹೋಗುತ್ತದೆ. ಕೋಟಿ ಸಾಲಿನ ಟೇಬಲಿಗೂ ಹತ್ತು ಸಾಲಿನಷ್ಟೇ ಮೆಮೊರಿ ಸಾಕು.

ಇಂಡೆಕ್ಸ್ ಇದ್ದರೆ ಓದುವುದೂ ತಪ್ಪುತ್ತದೆ. ಇಂದಿನ ಬಹುತೇಕ ಡೇಟಾಬೇಸ್‌ಗಳ ಇಂಡೆಕ್ಸ್ ಬಿ-ಟ್ರೀ ಎಂಬ ರಚನೆ. 1970ರಲ್ಲಿ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಇದನ್ನು ರೂಪಿಸಿದ್ದು ಬೋಯಿಂಗ್ ಕಂಪನಿಯ ಸಂಶೋಧನಾಲಯದಲ್ಲಿ. ಅದೇ ಕಂಪನಿಯ 737 ವಿಮಾನಗಳು ಬಜಪೆಯಲ್ಲಿ ಇಳಿಯುತ್ತವೆ. ಬಿ-ಟ್ರೀಯ ಒಂದು ಗಂಟಿನಿಂದ 300 ಕವಲುಗಳು ಹೊರಟರೆ ಮೂರು ಹಂತ ಇಳಿಯುವಷ್ಟರಲ್ಲಿ 2 ಕೋಟಿ 70 ಲಕ್ಷ ದಾಖಲೆಗಳನ್ನು ಮುಟ್ಟಬಹುದು. ಭೂಮಿಯ ಮೊದಲ ಸಂಗ್ರಹದ ಅಷ್ಟೂ ಪಹಣಿಗಳಿಗೆ ಈ ಮೂರು ಹಂತ ಸಾಕು. ಕೆಳಗಿನ ಹಂತದ ಎಲೆಗಳು ಕ್ರಮವಾಗಿ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದರಿಂದ, ಈಗಿನ ಸಮಯಕ್ಕೆ ನೇರ ಇಳಿದು ಅಲ್ಲಿಂದ ಐದು ಸಾಲು ಓದಿ ನಿಲ್ಲಿಸಿದರೆ ಮುಂದಿನ ಐದು ವಿಮಾನಗಳ ಪಟ್ಟಿ ತಯಾರು. ಟೇಬಲಿನಲ್ಲಿ ಸಾವಿರ ಸಾಲಿದ್ದರೂ ಕೋಟಿ ಸಾಲಿದ್ದರೂ ಹೆಚ್ಚುಕಡಿಮೆ ಅಷ್ಟೇ ಶ್ರಮ. ಮಿತಿ, ಕ್ರಮ, ಇಂಡೆಕ್ಸ್ ಮೂರೂ ಹೊಂದಿಕೊಂಡಾಗ ಮಾತ್ರ ಈ ಲಾಭ.

ಇಲ್ಲೊಂದು ಎಚ್ಚರಿಕೆ. ಡೇಟಾಬೇಸಿನ ಯೋಜಕ ಭಾಗವು ಹತ್ತೇ ಸಾಲು ಬೇಕಲ್ಲ ಎಂದು ಸಮಯದ ಇಂಡೆಕ್ಸ್ ಹಿಡಿದು ಹೊರಡಬಹುದು. ಆದರೆ ಕೇಳಿದ ಗ್ರಾಮದಲ್ಲಿ ಹತ್ತು ವರ್ಷದಿಂದ ಒಂದು ಮ್ಯುಟೇಶನ್ನೂ ಆಗದಿದ್ದರೆ ಅದು ಇಡೀ ಇಂಡೆಕ್ಸನ್ನು ಹಿಂದಕ್ಕೆ ಓದುತ್ತಲೇ ಹೋಗುತ್ತದೆ. ಗ್ರಾಮ ಮತ್ತು ಸಮಯ ಎರಡನ್ನೂ ಅದೇ ಕ್ರಮದಲ್ಲಿ ಸೇರಿಸಿದ ಒಂದು ಜೋಡಿ ಇಂಡೆಕ್ಸ್ ಇದಕ್ಕೆ ಮದ್ದು.

ಪುಟಗಳು: ಎಣಿಸಿ ಬಿಡುವುದು, ಹಿಡಿದು ಮುಂದುವರಿಯುವುದು

ಮುಂದಿನ ಪುಟ ಕೊಡಲು ಎರಡು ದಾರಿಗಳಿವೆ. ಹೆಚ್ಚಿನವರು ಕಲಿಯುವುದು ಆಫ್‌ಸೆಟ್: ಇಷ್ಟು ಸಾಲು ಬಿಡು, ಆಮೇಲೆ ಇಷ್ಟು ಕೊಡು. ಪುಟಕ್ಕೆ 20ರಂತೆ 500ನೇ ಪುಟ ಬೇಕಾದರೆ 9,980 ಸಾಲು ಬಿಡಬೇಕು. ಬಿಡುವುದು ಎಂದರೆ ಹಾರುವುದಲ್ಲ. ಡೇಟಾಬೇಸ್ ಅಷ್ಟನ್ನೂ ಓದಿ ಎಸೆಯುತ್ತದೆ. ಮೊದಲ ಪುಟ ಚಕ್ಕನೆ ಬಂದು ಕೊನೆಯ ಪುಟ ತೆವಳುವ ವೆಬ್‌ಸೈಟುಗಳ ಹಿಂದೆ ಸಾಮಾನ್ಯವಾಗಿ ಇದೇ ಕಾರಣವಿರುತ್ತದೆ.

ನಿಧಾನಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಮಳೆಗಾಲದ ಒಂದು ಸಂಜೆಯನ್ನು ಊಹಿಸಿ. ನಿರೀಕ್ಷಿತ ಸಮಯದ ಕ್ರಮದಲ್ಲಿ ಪುಟಕ್ಕೆ ಹತ್ತರಂತೆ ವಿಮಾನಗಳ ಪಟ್ಟಿ ಇದೆ. ಒಬ್ಬರು ಮೊದಲ ಪುಟ ನೋಡುತ್ತಿದ್ದಾರೆ. ಅಷ್ಟರಲ್ಲಿ ಮಂಜು, ಮೋಡದಿಂದಾಗಿ ನಾಲ್ಕನೆಯ ವಿಮಾನ ತಡವೆಂದು ದಾಖಲಾಗಿ ಪಟ್ಟಿಯ ಕೆಳಗೆ ಹೋಯಿತು. ಐದನೆಯದು ನಾಲ್ಕನೆಯದಾಯಿತು, ಹನ್ನೊಂದನೆಯದು ಹತ್ತನೆಯದಾಯಿತು. ಈಗ ಅವರು ಎರಡನೆಯ ಪುಟ ಒತ್ತಿದರೆ ಸರ್ವರ್ ಹತ್ತು ಸಾಲು ಬಿಟ್ಟು ಮುಂದಿನದನ್ನು ಕೊಡುತ್ತದೆ. ಮೊದಲು ಹನ್ನೊಂದನೆಯದಾಗಿದ್ದ ವಿಮಾನ ಅವರಿಗೆ ಯಾವ ಪುಟದಲ್ಲೂ ಕಾಣಿಸಲೇ ಇಲ್ಲ. ಪಟ್ಟಿಯ ಮೇಲ್ಭಾಗದಲ್ಲಿ ಹೊಸ ಸಾಲು ಸೇರಿದರೆ ಇದರ ಉಲ್ಟಾ: ಕಂಡದ್ದೇ ಮತ್ತೆ ಕಾಣುತ್ತದೆ. ಬದಲಾಗುವ ಪಟ್ಟಿಯಲ್ಲಿ ಎಣಿಕೆಯನ್ನು ನಂಬಿ ಜಾಗ ಗುರುತಿಸುವುದೇ ಮೂಲ ತಪ್ಪು.

ಎರಡನೆಯ ದಾರಿಯಲ್ಲಿ ಎಣಿಕೆಯಿಲ್ಲ. ಕೊನೆಯದಾಗಿ ತೋರಿಸಿದ ಸಾಲಿನ ಸಮಯ ಮತ್ತು ಗುರುತು ಸಂಖ್ಯೆಯನ್ನು ಹಿಡಿದುಕೊಂಡು, ಇವುಗಳ ನಂತರದ ಹತ್ತು ಕೊಡು ಎಂದು ಕೇಳಲಾಗುತ್ತದೆ. ಕೀಸೆಟ್ ಅಥವಾ ಸೀಕ್ ವಿಧಾನವೆಂದು ಹೆಸರಿರುವ ಇದನ್ನು ಪ್ರೋಗ್ರಾಮರ್‌ಗಳಿಗೆ ಮನವರಿಕೆ ಮಾಡಿಕೊಡುವಲ್ಲಿ ಆಸ್ಟ್ರಿಯಾದ ಮಾರ್ಕುಸ್ ವಿನಾಂಡ್ ಅವರ ಬರಹಗಳ ಪಾತ್ರ ದೊಡ್ಡದು. ಇಂಡೆಕ್ಸಿನಲ್ಲಿ ನೇರ ಆ ಜಾಗಕ್ಕೆ ಇಳಿಯುವುದರಿಂದ 500ನೇ ಪುಟವೂ ಮೊದಲನೆಯದರಷ್ಟೇ ವೇಗ. ಮೇಲಿನ ಉದಾಹರಣೆಯಲ್ಲಿ ಹನ್ನೊಂದನೆಯ ವಿಮಾನ ಎರಡನೆಯ ಪುಟದ ತಲೆಯಲ್ಲೇ ಬರುತ್ತದೆ. ತಡವಾದ ನಾಲ್ಕನೆಯದು ಹೊಸ ಸಮಯದೊಂದಿಗೆ ಮುಂದೆ ಮತ್ತೆ ಕಾಣುತ್ತದೆ, ಅದು ಸರಿಯೇ. ಆದರೆ ಕೆಳಗಿದ್ದ ವಿಮಾನವೊಂದರ ಸಮಯ ಹಿಂದಕ್ಕೆ ಸರಿದು ಆಗಲೇ ನೋಡಿದ ಭಾಗಕ್ಕೆ ಸೇರಿದರೆ ಈ ವಿಧಾನದಲ್ಲೂ ಅದು ಕಾಣದೆ ತಪ್ಪಿಹೋಗುತ್ತದೆ. ಬದಲಾಗದ ಕಾಲಮ್ಮಿನ ಮೇಲೆ ಕ್ರಮ ನಿಂತಾಗ ಮಾತ್ರ ಪೂರ್ಣ ಭರವಸೆ. ನೇರ 37ನೇ ಪುಟಕ್ಕೆ ಹಾರುವ ಸೌಲಭ್ಯವೂ ಇಲ್ಲಿಲ್ಲ. ಪುಟ ಸಂಖ್ಯೆ ನಿಜವಾಗಿ ಬೇಕಾದ ಚಿಕ್ಕ, ನಿಂತ ಪಟ್ಟಿಗಳಿಗೆ ಆಫ್‌ಸೆಟ್ ಧಾರಾಳ ಸಾಕು. ಬೆಳೆಯುವ, ಬದಲಾಗುವ ಪಟ್ಟಿಗಳಿಗೆ ಕೀಸೆಟ್ ಬಿಟ್ಟು ಬೇರೆ ಆಯ್ಕೆ ಮಾಡುವುದಕ್ಕೆ ಒಳ್ಳೆಯ ಕಾರಣ ಬೇಕು.

ಕೀಸೆಟ್ ವಿಧಾನ ದಿನನಿತ್ಯ ಕೆಲಸ ಮಾಡುವುದನ್ನು ನೋಡಲು ವಿಕಿಪೀಡಿಯ ಸುಲಭದ ಜಾಗ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಕನ್ನಡ ಲಿಪಿಯಲ್ಲೇ ಬರೆಯುವ ತುಳು ವಿಕಿಪೀಡಿಯ ಹಲವು ವರ್ಷ ಇನ್‌ಕ್ಯುಬೇಟರಿನಲ್ಲಿ ಬೆಳೆದು 2016ರ ಆಗಸ್ಟ್‌ನಲ್ಲಿ ಸ್ವತಂತ್ರ ತಾಣವಾಯಿತು. ಎರಡನ್ನೂ ನಡೆಸುವ ಮೀಡಿಯಾವಿಕಿ ತಂತ್ರಾಂಶ ಒಂದು ವರ್ಗದ ಪುಟದಲ್ಲಿ ಒಂದು ಸಲಕ್ಕೆ 200 ಲೇಖನಗಳ ಹೆಸರನ್ನು ಮಾತ್ರ ತೋರಿಸುತ್ತದೆ. ಅಲ್ಲಿನ ಮುಂದಿನ ಪುಟದ ಕೊಂಡಿಯಲ್ಲಿ ಪುಟ ಸಂಖ್ಯೆ ಇರುವುದಿಲ್ಲ, ಎಲ್ಲಿಂದ ಶುರುವಾಗಬೇಕೆಂಬ ಹೆಸರಿರುತ್ತದೆ. ಲೇಖನದ ಇತಿಹಾಸದ ಪುಟದಲ್ಲಿ ಆ ಜಾಗವನ್ನು ಸಂಪಾದನೆಯ ಸಮಯ ಹಿಡಿಯುತ್ತದೆ. ಇತರ ಪ್ರೋಗ್ರಾಮ್‌ಗಳು ದತ್ತಾಂಶ ಕೇಳುವ ಬಾಗಿಲಾದ ಎಪಿಐಯಲ್ಲಿ ಸಾಮಾನ್ಯ ಬಳಕೆದಾರರಿಗೆ 500, ಬಾಟ್‌ಗಳಿಗೆ 5,000 ಸಾಲುಗಳ ಗರಿಷ್ಠ ಮಿತಿ ಇದೆ. ಉತ್ತರದ ಜೊತೆಗೇ ಮುಂದುವರಿಯಲು ಬೇಕಾದ ಗುರುತನ್ನೂ ಕೊಡಲಾಗುತ್ತದೆ.

ಕನ್ನಡದ ಅಕಾರಾದಿ

ಹೆಸರಿನ ಕ್ರಮದಲ್ಲಿ ಮೊದಲ ಇಪ್ಪತ್ತು ಎಂದಾಗ ಆ ಕ್ರಮ ಯಾರದು? ಯುನಿಕೋಡಿನಲ್ಲಿ ‘ಳ’ ಅಕ್ಷರಕ್ಕೆ ‘ಲ’ದ ಪಕ್ಕದ ಸಂಖ್ಯೆ, ‘ವ ಶ ಷ ಸ ಹ’ಗಳು ಅದರ ನಂತರ. ಕನ್ನಡ ವರ್ಣಮಾಲೆಯಲ್ಲಿ ‘ಳ’ ಎಲ್ಲಕ್ಕಿಂತ ಕೊನೆ. ಸಂಕೇತ ಸಂಖ್ಯೆಯಿಂದಲೇ ಜೋಡಿಸುವ ಡೇಟಾಬೇಸಿನಲ್ಲಿ ಬಜಪೆಯ ನೆರೆಯ ಮಳವೂರು ‘ಮಹಾ’ ಎಂದು ಶುರುವಾಗುವ ಹೆಸರುಗಳಿಗಿಂತ ಮೊದಲು ಬರುತ್ತದೆ. ಅಕಾರಾದಿಯಲ್ಲಿ ಹುಡುಕುವ ಕನ್ನಡಿಗ ಅದನ್ನು ಅವುಗಳ ನಂತರ ನಿರೀಕ್ಷಿಸುತ್ತಾನೆ. ಪಟ್ಟಿ ಇಡಿಯಾಗಿ ಕಣ್ಣ ಮುಂದಿದ್ದರೆ ಇದು ಸಣ್ಣ ಕಿರಿಕಿರಿ. ಪುಟಕ್ಕೆ ಇಪ್ಪತ್ತರ ಮಿತಿ ಇದ್ದಾಗ ಊರು ಬೇರೆಯೇ ಪುಟಕ್ಕೆ ಹೋಗಿರುತ್ತದೆ. ಡೇಟಾಬೇಸ್ ಕಾಲಮ್ಮಿಗೆ ಕನ್ನಡದ ಕೊಲೇಶನ್ (ಅಕ್ಷರ ಜೋಡಣೆಯ ನಿಯಮ) ನಿಗದಿಪಡಿಸುವುದು ಇದಕ್ಕೆ ಪರಿಹಾರ. ಇಂಡೆಕ್ಸ್ ಕೂಡ ಅದೇ ಕೊಲೇಶನ್‌ನಲ್ಲಿರಬೇಕು, ಇಲ್ಲದಿದ್ದರೆ ಇಂಡೆಕ್ಸ್ ಇದ್ದೂ ಕೆಲಸಕ್ಕೆ ಬಾರದು.

ಹುಡುಕುವ ಪದದ ತೊಡಕು ಇನ್ನೂ ಸೂಕ್ಷ್ಮ. ಹತ್ತಿರದ ಕೊಳಂಬೆ ಗ್ರಾಮದ ಹೆಸರಿನ ‘ಕೊ’ದಲ್ಲಿರುವ ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆಬೇರೆ. ದಾಖಲೆ ಸೇರಿಸುವಾಗ ಮತ್ತು ಹುಡುಕುವಾಗ ಎರಡೂ ಕಡೆ ಒಂದೇ ರೂಪಕ್ಕೆ ತರದಿದ್ದರೆ ಇದ್ದ ಊರು ಸಿಗುವುದಿಲ್ಲ. ಬಜಪೆಯನ್ನೇ ಬಜ್ಪೆ ಎಂದು ಬರೆಯುವವರೂ ಧಾರಾಳವಾಗಿದ್ದಾರೆ. ಒಂದು ರೂಪವನ್ನಷ್ಟೇ ಹೊಂದಿಸುವ ಪ್ರಶ್ನೆ ಇನ್ನೊಂದರ ದಾಖಲೆಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಬರಹ, ನುಡಿ ತಂತ್ರಾಂಶಗಳ ಹಳೆಯ ಫಾಂಟ್ ಸಂಕೇತಗಳಲ್ಲಿ ಅಕ್ಷರದ ಬದಲು ಅದರ ಆಕಾರದ ಚೂರುಗಳೇ ಸಂಗ್ರಹವಾಗುತ್ತಿದ್ದ ಕಾಲಕ್ಕೆ ಹೋಲಿಸಿದರೆ ಈಗಿನ ಸ್ಥಿತಿ ಎಷ್ಟೋ ಮೇಲು. ಆದರೆ ಆ ಕಾಲದ ದತ್ತಾಂಶವನ್ನು ಪರಿವರ್ತಿಸಿಕೊಂಡ ಕಡೆಗಳಲ್ಲಿ ಈ ಪರೀಕ್ಷೆ ಕಡ್ಡಾಯವಾಗಬೇಕು.

ಜಾಯಿನ್ ಮತ್ತು ಎಣಿಕೆ

ಒಂದು ಜಾಗಕ್ಕೆ ಹಲವು ಒಡೆಯರಿರುತ್ತಾರೆ. ಕುಟುಂಬದ ಆಸ್ತಿ ಜಂಟಿಯಾಗಿ ಉಳಿದಿರುವ ದಕ್ಷಿಣ ಕನ್ನಡದಲ್ಲಂತೂ ಒಂದೇ ಪಹಣಿಯಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳ ಹೆಸರುಗಳ ಸಾಲೇ ಇರುತ್ತದೆ. ಜಾಗಗಳ ಟೇಬಲನ್ನು ಒಡೆಯರ ಟೇಬಲಿಗೆ ಕೂಡಿಸಿ (ಜಾಯಿನ್ ಮಾಡಿ) ಹತ್ತರ ಮಿತಿ ಹಾಕಿದರೆ ಬರುವುದು ಹತ್ತು ಜಾಗಗಳಲ್ಲ, ಜಾಗ ಮತ್ತು ಒಡೆಯರ ಹತ್ತು ಜೋಡಿಗಳು. ಮೊದಲ ಜಾಗಕ್ಕೇ ಹನ್ನೆರಡು ಪಾಲುದಾರರಿದ್ದರೆ ಪುಟ ಅಲ್ಲೇ ಮುಗಿಯುತ್ತದೆ, ಇಬ್ಬರ ಹೆಸರು ಬಿಟ್ಟುಹೋಗುತ್ತದೆ. ಪಾಲಿನ ವ್ಯಾಜ್ಯದಲ್ಲಿರುವವರಿಗೆ ಆ ಇಬ್ಬರು ಯಾರೆಂಬುದೇ ಮುಖ್ಯ. ಸರಿಯಾದ ಕ್ರಮವೆಂದರೆ ಮೊದಲು ಜಾಗಗಳನ್ನಷ್ಟೇ ಆರಿಸಿ ಮಿತಿ ಹಾಕುವುದು, ಆಮೇಲೆ ಆ ಹತ್ತು ಜಾಗಗಳ ಎಲ್ಲ ಒಡೆಯರನ್ನು ತರುವುದು. ಪ್ರತಿ ಜಾಗದ ಇತ್ತೀಚಿನ ಮೂರು ಮ್ಯುಟೇಶನ್ ಎಂಬಂಥ ಪ್ರಶ್ನೆಗೆ 2003ರ ಮಾನಕದಲ್ಲಿ ಸೇರಿದ ವಿಂಡೋ ಫಂಕ್ಷನ್‌ಗಳು ಬೇಕಾಗುತ್ತವೆ.

ಫ್ರೇಮ್‌ವರ್ಕ್‌ಗಳು ಈ ಕೆಲಸವನ್ನು ಸುಲಭವಾಗಿಸಿವೆ, ಜೊತೆಗೆ ಮರೆಮಾಡಿಯೂ ಇವೆ. 2005ರಲ್ಲಿ ಹೊರಬಂದ ಜ್ಯಾಂಗೋದಲ್ಲಿ ಪಟ್ಟಿಯ ಮೊದಲ ಐದನ್ನು ಕತ್ತರಿಸಿದಂತೆ ಬರೆದರೂ ಅದು ಲಿಮಿಟ್ ಆಗಿಯೇ ಡೇಟಾಬೇಸಿಗೆ ಹೋಗುತ್ತದೆ. ರೇಲ್ಸ್, ಲಾರವೆಲ್‌ಗಳಲ್ಲೂ ಇಂಥ ಸೌಲಭ್ಯವಿದೆ. ಆದರೆ ಅದೇ ಪಟ್ಟಿಯನ್ನು ಮೊದಲು ಪೂರ್ತಿ ತರಿಸಿಕೊಂಡು ಆಮೇಲೆ ಐದನ್ನು ಆರಿಸುವ ಸಾಲು ನೋಡಲು ಹೆಚ್ಚು ಭಿನ್ನವಾಗಿರುವುದಿಲ್ಲ. ಐವತ್ತು ಸಾಲಿನ ಪರೀಕ್ಷಾ ಡೇಟಾಬೇಸಿನಲ್ಲಿ ಎರಡೂ ಸಲೀಸು. ಕೋಟಿ ಸಾಲಿದ್ದಾಗ ಎರಡನೆಯದು ಸರ್ವರಿನ ಮೆಮೊರಿಯನ್ನೇ ನುಂಗುತ್ತದೆ. ಡೇಟಾಬೇಸಿಗೆ ಹೋಗುವ ಎಸ್‌ಕ್ಯೂಎಲ್ ಸಾಲನ್ನು ಲಾಗ್‌ನಲ್ಲಿ ಕಣ್ಣಾರೆ ನೋಡದೆ ಫ್ರೇಮ್‌ವರ್ಕನ್ನು ನಂಬಬಾರದು.

ಒಟ್ಟು ಎಷ್ಟು ದಾಖಲೆ, ಎಷ್ಟು ಪುಟ ಎಂದು ತೋರಿಸುವ ಆಸೆಯೂ ದುಬಾರಿ. ಹತ್ತು ಸಾಲು ಕೊಡಲು ಹತ್ತು ಸಾಲು ಓದಿದರೆ ಸಾಕು, ಒಟ್ಟು ಎಣಿಸಲು ಹೊಂದುವ ಎಲ್ಲವನ್ನೂ ಮುಟ್ಟಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಎರಡನ್ನೂ ಒಟ್ಟಿಗೆ ಮಾಡುವ ಒಂದು ಸೌಲಭ್ಯವಿತ್ತು, 8.0.17ರಿಂದ ಅದನ್ನು ಬಳಸಬಾರದವುಗಳ ಪಟ್ಟಿಗೆ ಸೇರಿಸಲಾಯಿತು. ಇನ್ನೂ ಇದೆಯೇ ಎಂಬುದಷ್ಟೇ ಗೊತ್ತಾಗಬೇಕಿದ್ದರೆ ಹತ್ತರ ಬದಲು ಹನ್ನೊಂದು ಕೇಳಿ, ಹನ್ನೊಂದನೆಯದು ಬಂದರೆ ಮುಂದಿನ ಪುಟದ ಗುಂಡಿ ತೋರಿಸಿದರಾಯಿತು. ಹಲವು ಯಂತ್ರಗಳಲ್ಲಿ ಹಂಚಿಹೋದ ಸಂಗ್ರಹದಲ್ಲಿ ಕಷ್ಟ ಮತ್ತೂ ಹೆಚ್ಚು. ಅಲ್ಲಿ ಒಟ್ಟಾರೆ ಮೊದಲ ಹತ್ತು ಸಿಗಬೇಕಾದರೆ ಪ್ರತಿ ಯಂತ್ರವೂ ತನ್ನ ಮೊದಲ ಹತ್ತನ್ನು ಕಳಿಸಬೇಕು, ಆಳದ ಪುಟಗಳಿಗೆ ಪ್ರತಿಯೊಂದೂ ಸಾವಿರಾರು ಸಾಲು ಕಳಿಸಬೇಕು. ಎಲಾಸ್ಟಿಕ್‌ಸರ್ಚ್ ಹುಡುಕಾಟದ ಫಲಿತಾಂಶವನ್ನು ಪೂರ್ವನಿಗದಿಯಾಗಿ 10,000ಕ್ಕೆ ನಿಲ್ಲಿಸುವುದು ಇದೇ ಕಾರಣಕ್ಕೆ.

ಮಿತಿ ಮತ್ತು ಹಕ್ಕು

ಪುಟಕ್ಕೆ ಎಷ್ಟು ಸಾಲು ಎಂಬುದನ್ನು ಬ್ರೌಸರ್‌ನಿಂದ ಬರುವ ಸಂಖ್ಯೆ ನಿರ್ಧರಿಸುವುದಾದರೆ ಯಾರಾದರೂ ಹತ್ತರ ಬದಲು ಹತ್ತು ಲಕ್ಷ ಎಂದು ಬರೆದು ಕಳಿಸಬಹುದು. ಬಂದದ್ದು ಸಂಖ್ಯೆಯೇ ಎಂದು ಪರೀಕ್ಷಿಸಿ, ಗರಿಷ್ಠ ಮಿತಿಗೆ ಇಳಿಸುವುದು ಸರ್ವರಿನ ಹೊಣೆ. ಓವಾಸ್ಪ್ ಸಂಸ್ಥೆ 2019 ಮತ್ತು 2023ರಲ್ಲಿ ಪ್ರಕಟಿಸಿದ ಎಪಿಐ ಭದ್ರತೆಯ ಹತ್ತು ಅಪಾಯಗಳ ಪಟ್ಟಿಗಳೆರಡರಲ್ಲೂ ಇಂಥ ಕಡಿವಾಣವಿಲ್ಲದ ಬಳಕೆಗೆ ಜಾಗವಿದೆ. ಹೆಸರು, ತಂದೆಯ ಹೆಸರು, ಜಾಗದ ವಿಸ್ತೀರ್ಣ, ಸಾಲದ ವಿವರ ಒಂದೇ ಹಾಳೆಯಲ್ಲಿರುವ ಪಹಣಿಯಂಥ ದಾಖಲೆಗಳಲ್ಲಿ, ಒಬ್ಬರು ಒಂದನ್ನು ನೋಡುವುದಕ್ಕೂ ಒಬ್ಬರು ಇಡೀ ಗ್ರಾಮವನ್ನು ಗುಡಿಸಿಕೊಂಡು ಹೋಗುವುದಕ್ಕೂ ವ್ಯತ್ಯಾಸ ಬಹಳ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಬಳಿಕ ಈ ವ್ಯತ್ಯಾಸವನ್ನು ಗಂಭೀರವಾಗಿ ತೆಗೆದುಕೊಳ್ಳದಿರಲು ಯಾವ ನೆಪವೂ ಉಳಿದಿಲ್ಲ.

ಯಾರು ಏನು ನೋಡಬಹುದು ಎಂಬ ನಿರ್ಬಂಧ ಪ್ರಶ್ನೆಯೊಳಗೇ, ಮಿತಿಗಿಂತ ಮೊದಲು ಇರಬೇಕು. ಹತ್ತು ತಂದು ಆಮೇಲೆ ನೋಡಬಾರದ ಏಳನ್ನು ತೆಗೆದರೆ ಪುಟದಲ್ಲಿ ಮೂರೇ ಉಳಿಯುತ್ತವೆ, ಮುಂದೆ ಇನ್ನೂ ಇದ್ದರೂ ಪಟ್ಟಿ ಮುಗಿದಂತೆ ಕಾಣುತ್ತದೆ. ಪೋಸ್ಟ್‌ಗ್ರೆಸ್ 2016ರ ಆರಂಭದಲ್ಲಿ ಬಂದ 9.5 ಆವೃತ್ತಿಯಿಂದ ಸಾಲಿನ ಮಟ್ಟದ ಈ ನಿರ್ಬಂಧವನ್ನು ಡೇಟಾಬೇಸಿನಲ್ಲೇ ಹೇಳುವ ಸೌಲಭ್ಯ ಕೊಟ್ಟಿದೆ.

ಇನ್ನೊಂದು ಬದಿಯೂ ಇದೆ. ಸಾರ್ವಜನಿಕ ದತ್ತಾಂಶದಲ್ಲಿ ಮಿತಿ ಎಂಬುದು ಅಡ್ಡಗೋಡೆ ಆಗಕೂಡದು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಸರ್ಕಾರಿ ಕಚೇರಿಗಳು ಕೇಳುವ ಮೊದಲೇ ಮಾಹಿತಿ ಪ್ರಕಟಿಸಬೇಕೆನ್ನುತ್ತದೆ. 2012ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣ ಲಿಮಿಟ್, ಆಫ್‌ಸೆಟ್‌ಗಳ ಮೂಲಕವೇ ದಾಖಲೆ ಹಂಚುತ್ತದೆ, ತುಂಡುತುಂಡಾಗಿಯಾದರೂ ಪೂರ್ತಿ ಪಡೆಯುವ ದಾರಿ ಅಲ್ಲಿ ತೆರೆದಿರುತ್ತದೆ. ತೋರಿಸಿದ್ದು ಭಾಗ ಮಾತ್ರವೆಂದು ಪುಟದಲ್ಲಿ ಸ್ಪಷ್ಟವಾಗಿ ಬರೆದಿರಬೇಕು ಮತ್ತು ಉಳಿದದ್ದನ್ನು ಪಡೆಯುವ ದಾರಿ ಅಲ್ಲೇ ಇರಬೇಕು.

ಖಾಲಿ ಉತ್ತರಕ್ಕೂ ಇದೇ ನಿಯಮ. ಗಲ್ಫ್‌ನಲ್ಲಿರುವ ಬಜಪೆಯವರೊಬ್ಬರು ರಜೆಯಲ್ಲಿ ಊರಿಗೆ ಬರುವ ಮೊದಲು ಮನೆಯ ಜಾಗದ ಆರ್‌ಟಿಸಿ ನೋಡಲು ಹೊರಟರೆ, ಪರದೆಯ ಮೇಲೆ ಏನೂ ಬಾರದಿರುವುದಕ್ಕೆ ಹಲವು ಕಾರಣಗಳಿರಬಹುದು: ಆ ಹಿಸ್ಸಾ ನಂಬರ್ ಇಲ್ಲ, ಪೋಡಿಯಾಗಿ (ಜಾಗ ಅಳೆದು ವಿಭಾಗವಾಗಿ) ನಂಬರ್ ಬದಲಾಗಿದೆ, ಆರಿಸಿದ ಅವಧಿಯಲ್ಲಿ ದಾಖಲೆ ಇಲ್ಲ, ನೋಡಲು ಅನುಮತಿ ಇಲ್ಲ, ಸರ್ವರ್ ಸಮಯದೊಳಗೆ ಉತ್ತರಿಸಲಿಲ್ಲ. ಡೇಟಾಬೇಸಿನಿಂದ ಶೂನ್ಯ ಸಾಲು ಬಂದಿತೇ, ಪ್ರಶ್ನೆಯೇ ವಿಫಲವಾಯಿತೇ ಎಂಬುದು ಪ್ರೋಗ್ರಾಮಿಗೆ ಬೇರೆಬೇರೆಯಾಗಿ ಗೊತ್ತಿರುತ್ತದೆ. ಎಲ್ಲಕ್ಕೂ ‘ದಾಖಲೆ ಲಭ್ಯವಿಲ್ಲ’ ಎಂಬ ಒಂದೇ ಸಾಲು ತೋರಿಸದೆ, ಸರ್ವರ್ ಉತ್ತರಿಸದಿದ್ದರೆ ಮತ್ತೆ ಪ್ರಯತ್ನಿಸಿ ಎಂದೂ, ನಂಬರ್ ಬದಲಾಗಿದ್ದರೆ ಹೊಸ ನಂಬರ್ ಇಂಥದ್ದು ಎಂದೂ ತಿಳಿಸುವುದು ಪುಟ ಬರೆಯುವವರ ಕೈಯಲ್ಲಿದೆ.